ಗುತ್ತಿ ನಡೆದ ದಾರಿಯಲ್ಲಿ ಅರ್ಧ ಗಂಟೆ

ತೀರ್ಥಹಳ್ಳಿಯಿಂದ ಮೇಗರವಳ್ಳಿಗೆ ಕಾರಿನಲ್ಲಿ ಸುಮಾರು ಅರ್ಧ ಗಂಟೆ ಸಾಕು. ಇದು ಗೊತ್ತಾದ ದಿನ ನನಗೆ ಯಾರೋ ಮೋಸ ಮಾಡಿದ ಹಾಗಾಯಿತು.

ನಾನು ಚಳ್ಳಕೆರೆ ಕಡೆಯವನು. ಶೇಂಗಾ ಹೊಲ, ಜಾಲಿ, ಬಿಸಿಲು. ನಮ್ಮಲ್ಲಿ ಮಳೆ ಬಂದರೆ ಜನ ಮನೆಯಿಂದ ಹೊರಗೆ ಬಂದು ನೋಡುತ್ತಾರೆ. ಕಾಲೇಜಿನ ಒಂದು ಬೇಸಿಗೆ ರಜೆಯಲ್ಲಿ, ಕರೆಂಟಿಲ್ಲದ ಮಧ್ಯಾಹ್ನಗಳಲ್ಲಿ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದೆ. ಮಲೆನಾಡನ್ನು ನಾನು ನೋಡಿದ್ದೇ ಹಾಗೆ, ಬೆವರು ಒರೆಸಿಕೊಳ್ಳುತ್ತಾ. ಕತೆ ಹತ್ತೊಂಬತ್ತನೇ ಶತಮಾನದ ಕೊನೆಯದು. ಸಿಂಬಾವಿಯ ಗುತ್ತಿ ತನ್ನ ನಾಯಿ ಹುಲಿಯನನ್ನು ಕಟ್ಟಿಕೊಂಡು ತುಂಗೆಯ ಕಲ್ಲುಸಾರ, ಅಂದರೆ ಹೊಳೆಗೆ ಅಡ್ಡಲಾಗಿ ಹಾಕಿದ ಕಲ್ಲಿನ ದಾರಿ, ದಾಟಿ ಹೊರಡುತ್ತಾನಲ್ಲ, ಅಲ್ಲಿಂದ ಆ ಪುಸ್ತಕದಲ್ಲಿ ಎಲ್ಲರೂ ನಡೆಯುತ್ತಲೇ ಇರುತ್ತಾರೆ. ಕಾಡು, ಗದ್ದೆ ಅಂಚು, ಗುಡ್ಡದ ಏರು, ರಕ್ತ ಹೀರುವ ಇಂಬಳ, ಕತ್ತಲೆ, ಮತ್ತೆ ಕಾಡು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗೋದೇ ಒಂದು ಅಧ್ಯಾಯ. ನಡುವೆ ಒಂದು ಸೈಕಲ್ ಬಂದರೆ ಊರಿಗೆ ಊರೇ ಬೆರಗಾಗಿ, ಅದನ್ನು ಬೀಸೆಕಲ್ಲಿನ ಸವಾರಿ ಅನ್ನುತ್ತದೆ! ಹಾಗಾಗಿ ನನ್ನ ತಲೆಯೊಳಗಿನ ತೀರ್ಥಹಳ್ಳಿ ತಾಲ್ಲೂಕು ಕಡಿಮೆ ಅಂದರೂ ಇಡೀ ಚಿತ್ರದುರ್ಗ ಜಿಲ್ಲೆಯಷ್ಟು ದೊಡ್ಡದಿತ್ತು.

ಅದನ್ನು ನನ್ನ ಭಾವ ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟರು. ಆಗುಂಬೆಗೆ ಸೂರ್ಯಾಸ್ತ ನೋಡಲು ಹೊರಟಿದ್ದೆವು. ಮೇಗರವಳ್ಳಿ ಬೋರ್ಡು ಕಂಡದ್ದೇ ನಾನು ‘ನಿಲ್ಸಿ ನಿಲ್ಸಿ’ ಅಂತ ಕೂಗಿದೆ. ಯಾರಿಗೋ ವಾಂತಿ ಬಂತು ಅಂದುಕೊಂಡು ಅವರು ಗಾಬರಿಯಲ್ಲಿ ಬ್ರೇಕ್ ಹಾಕಿದರು. ಇಳಿದು ನೋಡಿದರೆ ರಸ್ತೆ, ಅಂಗಡಿ, ಬಸ್ಸಿಗೆ ಕಾಯುವ ನಾಲ್ಕು ಜನ. ‘ಇಲ್ಲೇನಿದೆ ನೋಡೋಕೆ?’ ಅಂದಳು ಹೆಂಡತಿ. ಏನು ಹೇಳೋದು? ಇಲ್ಲಿ ಗುತ್ತಿ ಬಂದಿದ್ದ ಅಂದರೆ, ‘ಯಾರು, ನಿಮ್ಮ ಸ್ನೇಹಿತರಾ?’ ಅಂತ ಕೇಳಿದರು ಭಾವ.

ಇದು ನನ್ನೊಬ್ಬನ ಕಾಯಿಲೆ ಅಲ್ಲ. ಆಗುಂಬೆಗೆ ಹೋದವರು ದೊಡ್ಡಮನೆಯ ಜಗಲಿಯಲ್ಲಿ ಕೂತು ಮಾಲ್ಗುಡಿ ಇದೇ ಅಂತ ಖುಷಿಪಡುತ್ತಾರೆ. ಆರ್. ಕೆ. ನಾರಾಯಣ್ ಆ ಊರನ್ನು ಕಟ್ಟಿದ್ದು ತಮ್ಮ ತಲೆಯಲ್ಲಿ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡಲು ಬಂದು ಅದಕ್ಕೆ ಆಗುಂಬೆಯಲ್ಲಿ ಮನೆ ಮಾಡಿಕೊಟ್ಟರು. ಧಾರಾವಾಹಿಯಲ್ಲಿ ಕಂಡ ಅರಸಾಳು ರೈಲು ನಿಲ್ದಾಣದಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಕೂಡ ಇದೆ. ಇಲ್ಲದ ಊರಿಗೆ ಸ್ಟೇಷನ್ ಸಿಕ್ಕಿತು. ಇರುವ ಎಷ್ಟೋ ಊರುಗಳು ಇನ್ನೂ ಅರ್ಜಿ ಹಾಕುತ್ತಲೇ ಇವೆ.

ಸುಬ್ರಹ್ಮಣ್ಯದ ಕಡೆ ಹೋದಾಗಲೂ ಹೀಗೇ. ದೇವಸ್ಥಾನದಲ್ಲಿ ಎಲ್ಲರೂ ಸರ್ಪದೋಷದ ಚಿಂತೆಯಲ್ಲಿದ್ದರೆ ನನಗೆ ಕಾರಂತರ ‘ಬೆಟ್ಟದ ಜೀವ’ದ ಗೋಪಾಲಯ್ಯನವರ ಮನೆ ಯಾವ ದಿಕ್ಕಿಗಿರಬಹುದು ಅನ್ನೋ ಚಿಂತೆ. ಆ ಕಾದಂಬರಿಯಲ್ಲಿ ಪಂಜಕ್ಕೆ ಹೋಗಬೇಕಾದವನು ಸಂಜೆ ಹೊತ್ತಿಗೆ ಕಾಡಲ್ಲಿ ದಾರಿ ತಪ್ಪಿ ಅವರ ಮನೆ ಸೇರುತ್ತಾನೆ. ದಾರಿ ತಪ್ಪಿದವನಿಗೆ ಬಿಸಿನೀರು, ಊಟ, ಮಾತು, ಹೊರಡುತ್ತೇನೆ ಅಂದರೆ ಬಿಡದ ಒತ್ತಾಯ. ನಾನೂ ಪಂಜದ ಕಡೆ ಹೊರಟೆ. ಏನು ಮಾಡಿದರೂ ದಾರಿ ತಪ್ಪಲಿಲ್ಲ. ಫೋನಿನಲ್ಲಿ ಆ ಹೆಂಗಸು ‘ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ’ ಅಂತ ಹೇಳುತ್ತಲೇ ಇದ್ದಳು.

ಮೇಗರವಳ್ಳಿಯಲ್ಲಿ ಕೊನೆಗೆ ಸುಮ್ನೆ ಟೀ ಕುಡಿದೆವು. ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮೂರಿನ ಮಳೆ ಅಲ್ಲ, ಬಂದು ಹೋಗೋದಲ್ಲ. ಬಂದು ಕೂತುಬಿಡುವ ಮಳೆ. ಎದುರಿನ ಗುಡ್ಡ ಇದ್ದಕ್ಕಿದ್ದಂತೆ ಇಲ್ಲವಾಯಿತು, ರಸ್ತೆ ಹತ್ತು ಮಾರಿಗೆ ಮುಗಿಯಿತು, ಮುಂದಿನ ಊರು ನಿಜಕ್ಕೂ ದೂರವಾಯಿತು. ನನಗೆ ಸಮಾಧಾನ. ಭಾವ ಮಾತ್ರ ಸೂರ್ಯಾಸ್ತ ಹೋಯಿತಲ್ಲ ಅಂತ ನನ್ನ ಮುಖವನ್ನೇ ನೋಡುತ್ತಿದ್ದರು. ಅಂಗಡಿಯ ಸೂರಿನ ಕೆಳಗೆ ಒಂದು ಕರಿ ನಾಯಿ ಬಂದು ನಿಂತು ಮೈ ಕೊಡವಿತು. ಯಾರಿಗೂ ಕೇಳಿಸದ ಹಾಗೆ ‘ಹುಲಿಯಾ’ ಅಂದೆ. ಅದು ತಿರುಗಿಯೂ ನೋಡಲಿಲ್ಲ. ಅದರ ಕಣ್ಣೆಲ್ಲ ಹೆಂಡತಿಯ ಕೈಯಲ್ಲಿದ್ದ ಬಿಸ್ಕತ್ತಿನ ಮೇಲಿತ್ತು.