ಸಿಮ್‌ಲಿಂಕ್ ಹಾಕಿ ಕೈ ತೊಳ್ಕೊಳ್ಳೋದು ಇನ್ನಾದರೂ ನಿಲ್ಲಿಸ್ರಿ

ಸಿಟ್ಟು ಬಂದಿದೆ, ಹಂಗಾಗಿ ಉದ್ದ ಆಗುತ್ತೆ. ಸ್ನೇಹಿತರು ಸಹಿಸ್ಕೋಬೇಕು.

ಇವತ್ತು ದಾವಣಗೆರೆ ಎಪಿಎಂಸಿ ಕಡೆಯ ಒಂದು ಅಂಗಡಿಯಲ್ಲಿ ಮೆಕ್ಕೆಜೋಳ ತೂಗೋ ಯಂತ್ರದ ಬೋರ್ಡ್ ಬಿಚ್ಚಿಟ್ಟಿದ್ದರು. 32 ಬಿಟ್ ಆರ್ಮ್ ಚಿಪ್, ಅದರ ಮೇಲೆ ಲಿನಕ್ಸ್. ಲೋಡ್‌ಸೆಲ್ (ತೂಕದ ಸೆನ್ಸರ್) ಕೊಡೋ ತೂಕ ಪರದೆ ಮೇಲೆ ಸರಿಯಾಗೇ ಬರ್ತಿದೆ. ತೇವಾಂಶ ಕಳೆದು ರೌಂಡ್ ಮಾಡಿದ ತೂಕ ಮಾತ್ರ ಒಂದು ಸಲ ಸೊನ್ನೆ, ಇನ್ನೊಂದು ಸಲ ತಲೆಬುಡ ಇಲ್ಲದ ಅಂಕಿ. ಲಿಬ್ ಫೋಲ್ಡರ್ ತೆಗೆದು ನೋಡಿದರೆ ‘ಎಲ್‌ಡಿ-ಲಿನಕ್ಸ್.ಎಸ್‌ಓ.3’ ಅಂತ ಒಂದು ಸಿಮ್‌ಲಿಂಕ್ (ಒಂದು ಹೆಸರನ್ನ ಬೇರೆ ಫೈಲ್‌ಗೆ ತೋರಿಸೋ ಕೊಂಡಿ), ಅದರ ತುದಿ ‘ಎಲ್‌ಡಿ-ಲಿನಕ್ಸ್-ಆರ್ಮ್‌ಎಚ್‌ಎಫ್.ಎಸ್‌ಓ.3’ ಕಡೆಗೆ. ಇವೆರಡೂ ಲೋಡರ್‌ನ ಹೆಸರು, ಅಂದರೆ ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಬೇಕಾದ ಲೈಬ್ರರಿಗಳನ್ನ (ಸಿದ್ಧ ಫಂಕ್ಷನ್‌ಗಳಿರೋ ಫೈಲ್‌ಗಳನ್ನ) ಜೋಡಿಸಿಕೊಡೋ ಫೈಲ್. ಹಳೇ ಹೆಸರಿನ ಲೋಡರ್ ಸಿಗದೆ ಪ್ರೋಗ್ರಾಂ ಓಡ್ತಾ ಇರಲಿಲ್ಲ, ಯಾರೋ ಬಂದು ಹೀಗೆ ಲಿಂಕ್ ಹಾಕಿ ಓಡಿಸಿ ಹೋಗಿದ್ದಾರೆ. ರೈತನ ಲೆಕ್ಕ ಬರೆಯೋ ಯಂತ್ರಕ್ಕೆ ಹೀಗೆ ಮಾಡೋದಾ?

ಯಾಕೆ ತಪ್ಪು ಅಂತ ಬಿಡಿಸಿ ಹೇಳ್ತೀನಿ. (ಕಮಾಂಡ್‌ಗಳನ್ನ ಓದೋ ಹಾಗೆ ಕನ್ನಡದಲ್ಲೇ ಬರೆದಿದ್ದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕ್ಕೊಳ್ರಿ.)

32 ಬಿಟ್ ಆರ್ಮ್‌ನಲ್ಲಿ ಜಿಸಿಸಿಗೆ (ಸೋರ್ಸ್ ಕೋಡನ್ನ ಪ್ರೋಗ್ರಾಂ ಮಾಡೋ ಕಂಪೈಲರ್) -ಎಂಫ್ಲೋಟ್-ಎಬಿಐ ಅಂತ ಒಂದು ಆಯ್ಕೆ ಇದೆ: ಸಾಫ್ಟ್, ಸಾಫ್ಟ್‌ಎಫ್‌ಪಿ, ಹಾರ್ಡ್. ಸಾಫ್ಟ್ ಅಂದರೆ ದಶಮಾಂಶದ ಲೆಕ್ಕ ಪೂರ್ತಿ ಸಾಫ್ಟ್‌ವೇರ್‌ನಲ್ಲಿ. ಸಾಫ್ಟ್‌ಎಫ್‌ಪಿ ಅಂದರೆ ಲೆಕ್ಕ ಮಾಡೋದು ಚಿಪ್‌ನ ಎಫ್‌ಪಿಯು (ದಶಮಾಂಶದ ಲೆಕ್ಕಕ್ಕೇ ಇರೋ ಭಾಗ), ಆದರೆ ಒಂದು ಫಂಕ್ಷನ್‌ನಿಂದ ಇನ್ನೊಂದಕ್ಕೆ ಅಂಕಿ ಹೋಗೋದು ಪೂರ್ಣಾಂಕದ ರಿಜಿಸ್ಟರ್‌ಗಳಲ್ಲಿ (ರಿಜಿಸ್ಟರ್ ಅಂದರೆ ಚಿಪ್‌ನೊಳಗೆ ಅಂಕಿ ಇಡೋ ಪುಟ್ಟ ಜಾಗ). ಹಾರ್ಡ್‌ನಲ್ಲಿ ಲೆಕ್ಕವೂ ಎಫ್‌ಪಿಯುನದು, ಅಂಕಿ ಸಾಗಿಸೋದೂ ಅದರದೇ ರಿಜಿಸ್ಟರ್‌ಗಳು. ಮೊದಲಿನ ಎರಡು ಒಂದಕ್ಕೊಂದು ಹೊಂದುತ್ತವೆ, ಎರಡಕ್ಕೂ ಲೋಡರ್ ಎಲ್‌ಡಿ-ಲಿನಕ್ಸ್.ಎಸ್‌ಓ.3. ಹಾರ್ಡ್ ಯಾವುದರ ಜೊತೆಗೂ ಹೊಂದಲ್ಲ, ಅದಕ್ಕೇ ಅದಕ್ಕೆ ಆರ್ಮ್‌ಎಚ್‌ಎಫ್ ಅನ್ನೋ ಬೇರೆ ಲೋಡರ್. ಮೊದಲು ಎರಡೂ ಕಡೆ ಒಂದೇ ಹೆಸರಿತ್ತು. ಒಂದೇ ಸಿಸ್ಟಂನಲ್ಲಿ ಎರಡೂ ಜೊತೆಗಿರಲಿ ಅಂತ 2012ರಲ್ಲಿ ಲಿನಕ್ಸ್ ವಿತರಣೆಗಳವರೂ (ಡೆಬಿಯನ್, ಉಬುಂಟು ಥರದವು) ಟೂಲ್‌ಚೈನ್‌ನವರೂ (ಕಂಪೈಲರ್, ಅದು ಕೊಟ್ಟ ತುಂಡುಗಳನ್ನ ಜೋಡಿಸೋ ಲಿಂಕರ್ ಮಾಡೋರು) ಕೂತು ಮಾತಾಡಿ ಹೆಸರು ಬೇರೆ ಮಾಡಿದರು. ಅಷ್ಟು ಕಷ್ಟಪಟ್ಟು ಬೇರೆ ಮಾಡಿದ್ದನ್ನ ನಾವು ಒಂದು ಸಿಮ್‌ಲಿಂಕ್‌ನಲ್ಲಿ ಮತ್ತೆ ಒಂದು ಮಾಡ್ತೀವಿ.

ಈಗ ಆ ತೂಕದ ಬೋರ್ಡಿಗೆ ಬರೋಣ. ಪ್ರೋಗ್ರಾಂ ಸಾಫ್ಟ್‌ಎಫ್‌ಪಿ, ಸಿಸ್ಟಂನ ಲೈಬ್ರರಿ ಎಲ್ಲ ಹಾರ್ಡ್. ಗುಣಾಕಾರ, ಭಾಗಾಕಾರ ಪ್ರೋಗ್ರಾಂನ ಒಳಗೇ ನಡೆಯುತ್ತೆ, ಅಲ್ಲಿ ತೊಂದರೆ ಇಲ್ಲ. ಕೊನೆಗೆ ರೌಂಡ್ ಮಾಡೋಕೆ ಗಣಿತದ ಲೈಬ್ರರಿಯನ್ನ ಕರೀತದೆ. ಉದಾಹರಣೆಗೆ 2.0 ಅನ್ನೋ ಡಬಲ್ (64 ಬಿಟ್‌ನ ದಶಮಾಂಶ) ಕಳಿಸಬೇಕು ಅಂದ್ಕೊಳ್ರಿ. ಪ್ರೋಗ್ರಾಂ ಪೂರ್ಣಾಂಕದ ರಿಜಿಸ್ಟರ್‌ಗಳಾದ ಆರ್0ಗೆ ಸೊನ್ನೆ, ಆರ್1ಗೆ 0ಎಕ್ಸ್40000000 ತುಂಬಿ ಕರೆಯುತ್ತೆ. ಲೈಬ್ರರಿ ಆರ್0, ಆರ್1 ಕಡೆ ತಿರುಗಿಯೂ ನೋಡಲ್ಲ, ಎಫ್‌ಪಿಯುನ ಡಿ0 ರಿಜಿಸ್ಟರ್ ಓದುತ್ತೆ. ಡಿ0ನಲ್ಲಿ ಹಿಂದಿನ ಯಾವ ಲೆಕ್ಕದ್ದು ಉಳಿದಿತ್ತೋ ಅದನ್ನೇ ರೌಂಡ್ ಮಾಡಿ, ಉತ್ತರಾನೂ ಡಿ0ಯಲ್ಲೇ ಇಡುತ್ತೆ. ಪ್ರೋಗ್ರಾಂ ಉತ್ತರ ಹುಡುಕೋದು ಆರ್0, ಆರ್1ರಲ್ಲಿ. ಹೋಗೋವಾಗಲೂ ತಪ್ಪು, ಬರೋವಾಗಲೂ ತಪ್ಪು. ಎರರ್ ಇಲ್ಲ, ಕ್ರ್ಯಾಶ್ ಇಲ್ಲ, ಪರದೆ ಮೇಲೆ ಸುಳ್ಳು ತೂಕ.

‘ಇಲ್ಲ ಸರ್, ಟೆಸ್ಟ್ ಮಾಡಿದ್ವಿ, ಪ್ರಿಂಟ್‌ಎಫ್‌ನಲ್ಲಿ ಸರಿಯಾಗೇ ಬಂತು’ ಅಂತಾರೆ ಲಿಂಕ್ ಹಾಕಿದವರು (ಪ್ರಿಂಟ್‌ಎಫ್ ಅಂದರೆ ಪರದೆಗೆ ಬರೆಯೋ ಫಂಕ್ಷನ್). ಬಂದೇ ಬರುತ್ತೆ! ಎಷ್ಟು ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕಳಿಸೋ ಬೆಲೆ) ಅಂತ ಮೊದಲೇ ಗೊತ್ತಿಲ್ಲದ ಪ್ರಿಂಟ್‌ಎಫ್ ಥರದ ಫಂಕ್ಷನ್‌ಗಳಿಗೆ ಹಾರ್ಡ್ ಪದ್ಧತಿಯಲ್ಲೂ ದಶಮಾಂಶ ಹೋಗೋದು ಪೂರ್ಣಾಂಕದ ರಿಜಿಸ್ಟರ್ ಮತ್ತು ಸ್ಟ್ಯಾಕ್ ಮೂಲಕವೇ. ಆರ್ಮ್‌ನ ನಿಯಮವೇ ಹಾಗಿದೆ. ಹಂಗಾಗಿ ಪ್ರಿಂಟ್‌ಎಫ್ ಮಾತ್ರ ಇರೋ ಪುಟ್ಟ ಪ್ರೋಗ್ರಾಂ ಪಾಸಾಗುತ್ತೆ, ರೌಂಡ್, ಪೌ (ಘಾತದ ಲೆಕ್ಕ), ಎಸ್‌ಟಿಆರ್‌ಟುಡಿ (ಅಕ್ಷರದಲ್ಲಿರೋ ಅಂಕಿಯನ್ನ ಡಬಲ್ ಮಾಡೋದು) ಬಂದ ಕಡೆ ಕೆಡುತ್ತೆ. ಟೆಸ್ಟ್ ಮಾಡೋದಿದ್ದರೆ ಡಬಲ್ ವಾಪಸ್ ಕೊಡೋ ಲೈಬ್ರರಿ ಫಂಕ್ಷನ್ ಒಂದನ್ನ ಕರೆದು ನೋಡ್ರಿ.

ಮೂಲದಲ್ಲಿ ದಾರಿ ತಪ್ಪಿಸೋದು ಆ ಎರರ್ ಮೆಸೇಜು, ಅದನ್ನ ಒಪ್ತೀನಿ. ಫೈಲ್ ಕಣ್ಣೆದುರೇ ಇರುತ್ತೆ, ಓಡಿಸಿದರೆ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’. ಇಲ್ಲದಿರೋದು ನಿಮ್ಮ ಫೈಲ್ ಅಲ್ಲ, ಅದರೊಳಗೆ ಬರೆದಿರೋ ಲೋಡರ್. ಕರ್ನಲ್ ಆ ದಾರಿ ಓದಿ ಹುಡುಕುತ್ತೆ, ಸಿಗದಿದ್ದರೆ ಫೈಲೇ ಇಲ್ಲ ಅನ್ನುತ್ತೆ, ಶೆಲ್ ನಿಮ್ಮ ಪ್ರೋಗ್ರಾಂ ಹೆಸರು ಸೇರಿಸಿ ಹೇಳುತ್ತೆ. ಅಲ್ಲಿ ಸಿಮ್‌ಲಿಂಕ್ ಹಾಕೋ ಮೊದಲು ‘ರೀಡ್‌ಎಲ್ಫ್ -ಎಲ್’ ಹಾಕಿ ಇಂಟರ್‌ಪ್ರಿಟರ್ (ಅಂದರೆ ಲೋಡರ್) ಸಾಲು ನೋಡ್ರಿ. ಆಮೇಲೆ ‘ರೀಡ್‌ಎಲ್ಫ್ -ಎಚ್’: ಫ್ಲ್ಯಾಗ್ಸ್ ಸಾಲಿನಲ್ಲಿ 0ಎಕ್ಸ್5000400 ಇದ್ದರೆ ಹಾರ್ಡ್, 0ಎಕ್ಸ್5000200 ಇದ್ದರೆ ಸಾಫ್ಟ್ ಇಲ್ಲವೇ ಸಾಫ್ಟ್‌ಎಫ್‌ಪಿ. ‘ರೀಡ್‌ಎಲ್ಫ್ -ಎ’ (ದೊಡ್ಡ ಎ) ಹಾಕಿದಾಗ ಟ್ಯಾಗ್_ಎಬಿಐ_ವಿಎಫ್‌ಪಿ_ಆರ್ಗ್ಸ್ (ವಿಎಫ್‌ಪಿ ಅಂದರೆ ಆರ್ಮ್‌ನ ಎಫ್‌ಪಿಯು) ಕಂಡರೆ ಅದು ಹಾರ್ಡ್ ಪದ್ಧತಿಯ ಕೋಡ್. ಲೋಡರ್ ಹೆಸರೂ ಈ ಫ್ಲ್ಯಾಗೂ ಒಂದೇ ಮಾತು ಹೇಳಬೇಕು. ಹೇಳದಿದ್ದರೆ ಯಾರೋ ಕೈಯಾಡಿಸಿದ್ದಾರೆ ಅಂತಲೇ ಅರ್ಥ.

ಲೋಡರ್ ಆರಿಸೋದು ಕಂಪೈಲರ್ ಕೆಲಸ, ಅದಕ್ಕೇ ಬಿಡ್ರಿ. ಜಿಸಿಸಿ ಸೋರ್ಸ್‌ನಲ್ಲಿ ಆರ್ಮ್ ಫೋಲ್ಡರ್‌ನ ಲಿನಕ್ಸ್-ಇಎಬಿಐ.ಎಚ್ ಫೈಲ್ ತೆಗೆದರೆ ಮೂರೇ ಷರತ್ತು ಸಿಗ್ತವೆ: -ಎಂಫ್ಲೋಟ್-ಎಬಿಐ ಹಾರ್ಡ್ ಆದರೆ ಆರ್ಮ್‌ಎಚ್‌ಎಫ್ ಲೋಡರ್, ‘ಸಾಫ್ಟ್’ ಅಂತ ಶುರುವಾದರೆ (ಅಲ್ಲೊಂದು ನಕ್ಷತ್ರ ಚಿಹ್ನೆ ಇದೆ, ಸಾಫ್ಟ್‌ಎಫ್‌ಪಿಯೂ ಅದರಲ್ಲೇ ಬರುತ್ತೆ) ಹಳೇ ಲೋಡರ್, ಏನೂ ಹೇಳದಿದ್ದರೆ ಡೀಫಾಲ್ಟ್. ಕ್ರಾಸ್ ಕಂಪೈಲರ್ (ಪಿಸಿಯಲ್ಲಿ ಓಡಿ ಬೋರ್ಡಿಗೆ ಪ್ರೋಗ್ರಾಂ ಮಾಡೋದು) ನೀವೇ ಕಟ್ಟೋದಾದರೆ ಕಾನ್ಫಿಗರ್ ಸಾಲಿನಲ್ಲಿ --ವಿತ್-ಫ್ಲೋಟ್=ಹಾರ್ಡ್, --ವಿತ್-ಆರ್ಕ್=ಆರ್ಮ್‌ವಿ7-ಎ, --ವಿತ್-ಎಫ್‌ಪಿಯು=ವಿಎಫ್‌ಪಿವಿ3-ಡಿ16 ಬರೆದೇ ಬಿಡ್ರಿ. ಟೂಲ್‌ಚೈನ್ ಹೆಸರಿನ ಕೊನೆಗೆ ಎಚ್‌ಎಫ್ ಇದೆ ಅಂತ ನಂಬಿ ಕೂರಬೇಡ್ರಿ, ‘ಜಿಸಿಸಿ -ವಿ’ ಹಾಕಿ ಹೇಗೆ ಕಾನ್ಫಿಗರ್ ಆಗಿದೆ ನೋಡ್ರಿ. ಯಾವ ಲೋಡರ್ ಆರಿಸ್ತಿದೆ ಅಂತ ತಿಳಿಯೋಕೆ ಕಂಪೈಲ್ ಮಾಡೋದೂ ಬೇಡ: ಕಮಾಂಡ್‌ಗೆ -### ಸೇರಿಸಿದರೆ ಲಿಂಕರ್‌ಗೆ ಹೋಗೋ ಸಾಲು ಪೂರ್ತಿ ಬೀಳುತ್ತೆ, ಅದರಲ್ಲಿ -ಡೈನಾಮಿಕ್-ಲಿಂಕರ್ ಮುಂದಿನ ದಾರಿ ಓದಿ.

ಆದರೆ ಲೋಡರ್ ಹೆಸರು ಸರಿಯಾದರೆ ಸಾಲದು, ಆ ಪದ್ಧತಿಯ ಲೈಬ್ರರಿ, ಹೆಡರ್ ಎಲ್ಲ ಬೇಕು. ಹಾರ್ಡ್ ಟೂಲ್‌ಚೈನ್‌ಗೆ ಸಾಫ್ಟ್‌ಎಫ್‌ಪಿ ಫ್ಲ್ಯಾಗ್ ಕೊಟ್ಟರೆ ‘ಗ್ನು/ಸ್ಟಬ್ಸ್-ಸಾಫ್ಟ್.ಎಚ್ ಇಲ್ಲ’ ಅಂತ ನಿಲ್ಲುತ್ತೆ. ನಿಲ್ಲಲೇಬೇಕು, ಆ ಸಿಸ್‌ರೂಟ್‌ನಲ್ಲಿ (ಟೂಲ್‌ಚೈನ್ ಬಳಸೋ ಹೆಡರ್, ಲೈಬ್ರರಿಗಳ ಫೋಲ್ಡರ್) ಸಾಫ್ಟ್ ಗ್ಲಿಬ್‌ಸಿನೇ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಇಲ್ಲ. ಇದಕ್ಕೂ ನಮ್ಮವರ ಪರಿಹಾರ ಸಿದ್ಧವಾಗಿರುತ್ತೆ: ಸ್ಟಬ್ಸ್-ಹಾರ್ಡ್.ಎಚ್ ಅನ್ನೇ ಕಾಪಿ ಮಾಡಿ ಹೆಸರು ಬದಲಿಸೋದು. ಅದಾದ ಮೇಲೆ ಲಿಂಕರ್ ‘ಇದು ವಿಎಫ್‌ಪಿ ರಿಜಿಸ್ಟರ್ ಆರ್ಗ್ಯುಮೆಂಟ್ ಬಳಸುತ್ತೆ, ಅದು ಬಳಸಲ್ಲ’ ಅಂತ ಹೇಳಿದರೆ --ನೋ-ವಾರ್ನ್-ಮಿಸ್‌ಮ್ಯಾಚ್ ಹಾಕಿ ಬಾಯಿ ಮುಚ್ಚಿಸೋದು. ಪ್ಯಾಚ್‌ಎಲ್ಫ್ ಅನ್ನೋ ಟೂಲ್‌ನಿಂದ ಇಂಟರ್‌ಪ್ರಿಟರ್ ಬದಲಿಸೋದೂ ಇದೇ ಜಾತಿಯದು. ಲಕೋಟೆ ಮೇಲಿನ ವಿಳಾಸ ತಿದ್ದಿದರೆ ಒಳಗಿನ ಕಾಗದ ಬದಲಾಗುತ್ತಾ? ಎರಡೂ ಪದ್ಧತಿ ಬೇಕಾದರೆ ಎರಡು ಟೂಲ್‌ಚೈನ್ ಇಟ್ಟುಕೊಳ್ರಿ. ಡೆಬಿಯನ್, ಉಬುಂಟುನಲ್ಲಿ ಗ್ನುಇಎಬಿಐ (ಸಾಫ್ಟ್), ಗ್ನುಇಎಬಿಐಎಚ್‌ಎಫ್ (ಹಾರ್ಡ್) ಎರಡನ್ನೂ ಪಕ್ಕಪಕ್ಕದಲ್ಲೇ ಇನ್‌ಸ್ಟಾಲ್ ಮಾಡಬಹುದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಲೋಡರ್ ಹೆಸರು ಪದ್ಧತಿ ಹೇಳುತ್ತೆ, ಚಿಪ್ ಯಾವುದು ಅಂತ ಹೇಳಲ್ಲ. ಡೆಬಿಯನ್ ಆರ್ಮ್‌ಎಚ್‌ಎಫ್‌ಗೆ ಕನಿಷ್ಠ ಆರ್ಮ್‌ವಿ7 ಬೇಕು. ಮೊದಲ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್ ಬೋರ್ಡ್) ಅದಕ್ಕಿಂತ ಹಳೇ ಆರ್ಮ್‌ವಿ6. ಲೋಡರ್ ಹೆಸರು ಹೊಂದಿದರೂ ಅಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಬಂದು ಸಾಯುತ್ತೆ. ಪೈಗಾಗಿಯೇ ರಾಸ್ಪ್‌ಬಿಯನ್‌ನವರು ಎಲ್ಲವನ್ನೂ ಆರ್ಮ್‌ವಿ6ಗೆ ಮತ್ತೆ ಕಂಪೈಲ್ ಮಾಡಿದ್ದು ಈ ಕಾರಣಕ್ಕೆ.

‘64 ಬಿಟ್‌ಗೆ ಹೋದರೆ ಈ ರಗಳೆನೇ ಇಲ್ಲವಲ್ಲ’ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಆರ್ಮ್ 64 ಬಿಟ್ ಲಿನಕ್ಸ್‌ನಲ್ಲಿ ಎಫ್‌ಪಿಯು ಇದ್ದೇ ಇರುತ್ತೆ, ಲೋಡರ್ ಒಂದೇ, ನಿಜ. ಆದರೆ ಅಂಗಡಿ, ಗೋದಾಮುಗಳಲ್ಲಿ ಓಡ್ತಿರೋ 32 ಬಿಟ್ ಬೋರ್ಡ್‌ಗಳನ್ನ ನಾಳೆ ಬೆಳಿಗ್ಗೆ ಯಾರೂ ಕಿತ್ತು ಹಾಕಲ್ಲ. ಜೊತೆಗೆ ರಿಸ್ಕ್-ವಿ ಅನ್ನೋ ಬೇರೆ ಜಾತಿಯ ಚಿಪ್‌ಗಳಲ್ಲಿ ಇದೇ ವಿಷಯ ಹೊಸದಾಗಿ ಎದುರಿಗೆ ಬಂದಿದೆ. ಎಲ್‌ಪಿ64 ಮತ್ತು ಎಲ್‌ಪಿ64ಡಿ ಅಂತ ಪದ್ಧತಿಯ ಹೆಸರನ್ನೇ ಲೋಡರ್ ಹೆಸರಿನೊಳಗೆ ಸೇರಿಸಿದ್ದಾರೆ. ಗ್ಲಿಬ್‌ಸಿ ಬದಲು ಮಸ್ಲ್ ಅನ್ನೋ ಸಿ ಲೈಬ್ರರಿ ಬಳಸೋರಿಗೂ ಆರ್ಮ್, ಆರ್ಮ್‌ಎಚ್‌ಎಫ್ ಬೇರೆ ಬೇರೆನೇ. ಸ್ಟ್ಯಾಟಿಕ್ ಲಿಂಕ್ ಮಾಡ್ತೀವಿ (ಲೈಬ್ರರಿಯನ್ನ ಪ್ರೋಗ್ರಾಂ ಒಳಗೇ ಸೇರಿಸ್ತೀವಿ) ಅನ್ನೋರಿಗೆ: ಲೋಡರ್ ಬೇಡವಾಗುತ್ತೆ, ಸೇರಿಸೋ ಲೈಬ್ರರಿ ಅದೇ ಪದ್ಧತಿಯದ್ದು ಇರಬೇಕು ಅನ್ನೋದು ತಪ್ಪಲ್ಲ.

ಈಗಾಗಲೇ ಸಿಮ್‌ಲಿಂಕ್ ಹಾಕಿ ಕೊಟ್ಟಿರೋ ಬೋರ್ಡ್‌ಗಳು ನಿಮ್ಮ ಕೈಲಿದ್ದರೆ ಹೀಗೆ ಮಾಡ್ರಿ. ಮೊದಲು ಲಿಂಕ್ ತೆಗೀಬೇಡ್ರಿ, ಯಂತ್ರ ಅರ್ಧಕ್ಕೆ ನಿಂತೀತು. ಬಿನ್, ಲಿಬ್, ಆಪ್ಟ್ ಫೋಲ್ಡರ್‌ಗಳ ಪ್ರತಿ ಪ್ರೋಗ್ರಾಂ ಮೇಲೂ ರೀಡ್‌ಎಲ್ಫ್ ಓಡಿಸಿ ಹಳೇ ಲೋಡರ್ ಕೇಳೋವನ್ನ ಪಟ್ಟಿ ಮಾಡ್ರಿ. .ಎಸ್‌ಓ ಪ್ಲಗಿನ್‌ಗಳಿಗೆ ಇಂಟರ್‌ಪ್ರಿಟರ್ ಸಾಲು ಇರಲ್ಲ, ಅವನ್ನ ಫ್ಲ್ಯಾಗ್ ನೋಡಿಯೇ ಹಿಡೀಬೇಕು. ಪಟ್ಟಿಯಲ್ಲಿ ಸಿಕ್ಕಿದ್ದನ್ನೆಲ್ಲ ಹಾರ್ಡ್ ಟೂಲ್‌ಚೈನ್‌ನಲ್ಲಿ ಮತ್ತೆ ಕಂಪೈಲ್ ಮಾಡ್ರಿ, ಹಳೇ .ಓ ಫೈಲ್ ಒಂದೂ ಉಳೀದ ಹಾಗೆ ಮೇಕ್ ಕ್ಲೀನ್ ಮಾಡಿ. ಸೋರ್ಸ್ ಇಲ್ಲದ ಪ್ರೋಗ್ರಾಂ ಇದ್ದರೆ ಅದಕ್ಕೆ ಬೇಕಾದ ಸಾಫ್ಟ್ ಲೈಬ್ರರಿಗಳನ್ನ ನಿಜವಾದ ಹಳೇ ಲೋಡರ್ ಸಮೇತ ತಂದು ಬೇರೆ ಫೋಲ್ಡರ್‌ನಲ್ಲಿಟ್ಟು, ಆ ಲೋಡರ್‌ಗೆ ಆ ಲೈಬ್ರರಿಗಳ ದಾರಿ ಕೊಟ್ಟು ಪ್ರೋಗ್ರಾಂ ಅನ್ನ ಅದರ ಮೂಲಕವೇ ಓಡಿಸ್ರಿ. ಲಿಂಕ್ ತೆಗೆಯೋದು ಇಷ್ಟೆಲ್ಲ ಆದ ಮೇಲೆ. ತೆಗೆದ ಮೇಲೆ ಗೊತ್ತಿರೋ ತೂಕದ ಬಟ್ಟು ಇಟ್ಟು, ರೌಂಡ್ ಆದ ಅಂಕಿಯನ್ನ ಕೈಲೆಕ್ಕದ ಜೊತೆ ತಾಳೆ ನೋಡಿಯೇ ಯಂತ್ರ ವಾಪಸ್ ಕೊಡ್ರಿ.