ನನ್ನ ಬಾಂಡ್ ಪಟ್ಟಿಯ ಮೊದಲ ಸ್ಥಾನ ಟ್ರಾಲ್ ಬೋಟಿನ ಸಿನಿಮಾಕ್ಕೆ

ಜೇಮ್ಸ್ ಬಾಂಡ್ ಸಿನಿಮಾಗಳಲ್ಲಿ ಯಾವುದು ಮೇಲು ಎಂಬ ಮಾತು ಬಂದರೆ ಸಾಕು, ಹಿರಿಯರು ‘ಗೋಲ್ಡ್‌ಫಿಂಗರ್’ ಅನ್ನುತ್ತಾರೆ, ನನ್ನ ವಯಸ್ಸಿನವರು ‘ಸ್ಕೈಫಾಲ್’ ಅನ್ನುತ್ತಾರೆ. 1962ರ ‘ಡಾಕ್ಟರ್ ನೋ’ ಇಂದ 2021ರ ‘ನೋ ಟೈಮ್ ಟು ಡೈ’ ತನಕ ಮೂಲ ಸರಣಿಯಲ್ಲಿ 25 ಸಿನಿಮಾ ಬಂದಿವೆ. ಅಷ್ಟರಲ್ಲಿ ನನ್ನ ಮೊದಲ ಆಯ್ಕೆ 1981ರ ‘ಫಾರ್ ಯುವರ್ ಐಸ್ ಓನ್ಲಿ’. ರೋಜರ್ ಮೂರ್ ಅವರದ್ದು. ಇದನ್ನು ಹೇಳಿದ ಕಡೆಯೆಲ್ಲ ಜಗಳವಾಗಿದೆ. ಹಾಗಾಗಿ ಇವತ್ತು ಪೂರ್ತಿ ಕಾರಣ ಬರೆದೇ ಬಿಡುತ್ತೇನೆ. ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಕಾರವಾರದವಳು. ನಮ್ಮ ಜಿಲ್ಲೆಗೆ ಬಂದು ಕ್ಯಾಮೆರಾ ಇಡುವವರಿಗೆ ಬರವಿಲ್ಲ. ಗೋಕರ್ಣದ ಓಂ ಬೀಚು, ಯಾಣದ ಬಂಡೆ, ಮುರ್ಡೇಶ್ವರದ ಗೋಪುರ, ಕಾಳಿ ನದಿ ಕಡಲು ಸೇರುವ ಜಾಗ. ನಾಯಕ ನಾಯಕಿ ಓಡಿ ಬರುತ್ತಾರೆ, ಹಾಡು ಮುಗಿಯುತ್ತದೆ, ವ್ಯಾನು ಹತ್ತಿ ಹೋಗುತ್ತಾರೆ. ಅಲ್ಲಿ ಯಾರಿದ್ದಾರೆ, ಏನು ಮಾಡಿ ಉಣ್ಣುತ್ತಾರೆ ಎಂಬುದು ಸಿನಿಮಾಕ್ಕೆ ಬೇಡ. ಇಂಥ ಕಡೆ ಬೆಳೆದಿದ್ದರಿಂದಲೋ ಏನೋ, ಬಾಂಡ್ ಸಿನಿಮಾ ನೋಡುವಾಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕಥೆಯನ್ನು ಬೇರೆ ಊರಿಗೆ ಎತ್ತಿಟ್ಟರೂ ನಡೆಯುತ್ತದೆಯೇ? ನಡೆಯುತ್ತದೆ ಎಂದಾದರೆ ಆ ಊರು ಕಂಪನಿ ನಾಟಕದ ಬಣ್ಣದ ಪರದೆ ಇದ್ದಹಾಗೆ, ಅಷ್ಟೇ. ದೇಶದೇಶ ತಿರುಗುವುದೇ ಬಾಂಡ್ ಸಿನಿಮಾಗಳ ಬಂಡವಾಳ. ಅವನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆ ನನಗೆ ತೋಚಿಲ್ಲ.

‘ಫಾರ್ ಯುವರ್ ಐಸ್ ಓನ್ಲಿ’ಯ ಕಥೆ ಶುರುವಾಗುವುದು ಒಂದು ಟ್ರಾಲ್ ಬೋಟಿನಿಂದ. ಅಲ್ಬೇನಿಯಾ ಕರಾವಳಿಯ ಆಚೆ, ಅಯೋನಿಯನ್ ಸಮುದ್ರದಲ್ಲಿ ‘ಸೇಂಟ್ ಜಾರ್ಜಸ್’ ಎಂಬ ಬೋಟು ಬಲೆ ಎಳೆಯುತ್ತಿದೆ. ಮೇಲಿಂದ ನೋಡಿದರೆ ಮೀನಿನ ಬೋಟು, ಒಳಗೆ ಬ್ರಿಟಿಷ್ ಬೇಹುಗಾರರ ಕೋಣೆ. ಸಬ್‌ಮರೀನುಗಳಿಗೆ ಕ್ಷಿಪಣಿ ಹಾರಿಸಲು ಆಜ್ಞೆ ಕಳಿಸುವ ‘ಎಟ್ಯಾಕ್’ ಎಂಬ ಯಂತ್ರ ಅದರಲ್ಲಿದೆ. ಬಲೆಗೆ ಮೀನಿನ ಜೊತೆ ಹಳೆಯದೊಂದು ಸಮುದ್ರದ ಮೈನು, ಅಂದರೆ ನೀರೊಳಗಿನ ಸ್ಫೋಟಕ, ಸಿಕ್ಕುತ್ತದೆ, ಬೋಟಿಗೆ ಬಂದು ತಾಗುತ್ತದೆ, ಬೋಟು ಮುಳುಗುತ್ತದೆ. ಆ ಯಂತ್ರ ಯಾರ ಕೈಗೆ ಸೇರುತ್ತದೆ ಎಂಬುದೇ ಮುಂದಿನ ಕಥೆ.

ನನ್ನ ಸೋದರಮಾವ ಬೈತಖೋಲ ಬಂದರಿನಿಂದ ಬಹಳ ವರ್ಷ ಟ್ರಾಲ್ ಬೋಟಿಗೆ ಹೋದವರು. ಬಾಂಡ್ ಯಾರು, ಏನು ಅವರಿಗೆ ಬೇಕಿಲ್ಲ. ಟೀವಿಯಲ್ಲಿ ಈ ಸಿನಿಮಾ ಹಾಕಿದಾಗ ಚಾ ಕುಡಿಯುತ್ತ ಸುಮ್ಮನೆ ಕೂತಿದ್ದರು. ಬಲೆ ಮೇಲೆ ಬರುವ ದೃಶ್ಯಕ್ಕೆ ಲೋಟ ಕೆಳಗಿಟ್ಟು, ‘ಏನೋ ಬೇರೆ ಸಿಕ್ಕಿದೆ ಅದಕ್ಕೆ. ಎಳೀಬೇಡಿ ಮಾರಾಯ್ರೇ, ನಿಲ್ಸಿ’ ಅಂದರು.

‘ಮಾವ, ಅದು ಸಿನಿಮಾ’ ಅಂದೆ.

‘ಸಿನಿಮಾ ಆದ್ರೇನು, ಬಲೆ ಬಲೆನೇ ಅಲ್ವನೇ?’

ಬಲೆಯಲ್ಲಿ ಏನಿದೆ ಎಂದು ಕಾಣದೆ ಎಳೆಯುವ ಹೆದರಿಕೆ ಕಡಲಿನವರಿಗೆಲ್ಲ ಗೊತ್ತು. ಇನ್ನೊಂದು ಮಾತು. ಕಾರವಾರದಲ್ಲಿ ಮೀನಿನ ಬೋಟು, ನೌಕಾಪಡೆಯ ಹಡಗು ಎರಡೂ ಒಂದೇ ನೀರಿನಲ್ಲಿ ಓಡಾಡುತ್ತವೆ. ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಊರೂರೇ ಎದ್ದುಹೋದದ್ದನ್ನು ನೋಡಿದವರು ನಾವು. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತು, ನೆಲೆಯ ಹತ್ತಿರ ದೋಣಿ ಸುಳಿಯುವಂತಿಲ್ಲ. ಮೀನಿನ ಬೋಟಿನೊಳಗೆ ಬೇಹುಗಾರರು ಇರಬಹುದು ಎಂಬ ಅನುಮಾನ ಬೆಂಗಳೂರಿನವರಿಗೆ ಸಿನಿಮಾ ಕಲ್ಪನೆ ಅನ್ನಿಸಬಹುದು, ಬೈತಖೋಲದವರಿಗೆ ಅಲ್ಲ.

ಎರಡು ವರ್ಷ ಹಿಂದೆ, 1979ರ ‘ಮೂನ್‌ರೇಕರ್’ನಲ್ಲಿ ಇದೇ ಮೂರ್ ಅವರನ್ನು ಬಾಹ್ಯಾಕಾಶಕ್ಕೆ ಕಳಿಸಿದ್ದರು. ಈ ಸಿನಿಮಾದಲ್ಲಿ ಅವರನ್ನು ನೆಲಕ್ಕೆ, ನೀರಿಗೆ ಇಳಿಸಿದವರು ಮೊದಲ ಬಾರಿಗೆ ನಿರ್ದೇಶಕರಾದ ಜಾನ್ ಗ್ಲೆನ್. ಬಾಂಡ್‌ನ ಲೋಟಸ್ ಕಾರು ಬೇಗನೇ ಸ್ಫೋಟವಾಗಿ ಹೋಗುತ್ತದೆ. ಅವನು ತಪ್ಪಿಸಿಕೊಳ್ಳುವುದು ನಾಯಕಿ ಮೆಲಿನಾಳ ಹಳದಿ ಬಣ್ಣದ ಪುಟ್ಟ ಸಿಟ್ರೊಯೆನ್ ಕಾರಿನಲ್ಲಿ. ಖಳನಾಯಕ ಇಬ್ಬರನ್ನೂ ಒಂದೇ ಹಗ್ಗಕ್ಕೆ ಕಟ್ಟಿ, ಬೋಟಿನ ಹಿಂದೆ ಹವಳದ ಬಂಡೆಗಳ ಮೇಲೆ ಎಳೆದಾಡಿಸುವ ದೃಶ್ಯ ನೋಡಿ. ಗುಂಡಿ ಒತ್ತಿದರೆ ಕಾಪಾಡುವ ಯಂತ್ರ ಯಾವುದೂ ಇಲ್ಲ. ಹಗ್ಗ, ಬೋಟು ತಿರುಗುವಾಗ ಆ ಹಗ್ಗ ಸಡಿಲವಾಗುವ ಕ್ಷಣ, ಎದೆಯಲ್ಲಿ ಉಳಿದಿರುವ ಉಸಿರು, ಮೊದಲೇ ಮೆಲಿನಾ ಕಡಲ ತಳದಲ್ಲಿ ಬಿಟ್ಟುಬಂದಿದ್ದ ಒಂದು ಗಾಳಿ ಸಿಲಿಂಡರು. ಬದುಕುವುದು ಇಷ್ಟರಿಂದಲೇ. ಮೆಲಿನಾ ಪಾತ್ರದ ಕ್ಯಾರೋಲ್ ಬುಕೆ ಅವರಿಗೆ ಸೈನಸ್ ತೊಂದರೆಯಿತ್ತು, ನೀರಿಗಿಳಿಯುವ ಹಾಗಿರಲಿಲ್ಲ. ಅವರ ಮುಖ ಹತ್ತಿರದಿಂದ ಕಾಣುವ ನೀರೊಳಗಿನ ಚಿತ್ರಗಳನ್ನು ಒಣ ಸ್ಟುಡಿಯೋದಲ್ಲಿ, ಕೂದಲಿಗೆ ಗಾಳಿ ಬೀಸಿ, ನಿಧಾನಗತಿಯಲ್ಲಿ ತೆಗೆದು, ಗುಳ್ಳೆಗಳನ್ನು ಆಮೇಲೆ ಸೇರಿಸಿದರಂತೆ. ಅದು ಗೊತ್ತಾದ ಮೇಲೆ ನನ್ನ ಮೆಚ್ಚುಗೆ ಹೆಚ್ಚೇ ಆಯಿತು.

ಕೊನೆಯ ಭಾಗ ಗ್ರೀಸ್‌ನ ಮೆಟಿಯೋರಾದಲ್ಲಿ, ಕಡಿದಾದ ಬಂಡೆಯ ನೆತ್ತಿಯ ಮೇಲಿನ ಮಠದಲ್ಲಿ. ಅಲ್ಲಿನ ಸನ್ಯಾಸಿಗಳಿಗೆ ಈ ಶೂಟಿಂಗ್ ಬೇಡವಾಗಿತ್ತು. ಕ್ಯಾಮೆರಾಕ್ಕೆ ಚಿತ್ರ ಕೆಡಲಿ ಎಂದು ಮಠದ ಹೊರಗೆ ಬಟ್ಟೆ, ಪ್ಲಾಸ್ಟಿಕ್ ಎಲ್ಲ ತೂಗುಹಾಕಿ ಪ್ರತಿಭಟಿಸಿದರು. ಈ ಸಿನಿಮಾವನ್ನು ಇಷ್ಟು ಪ್ರೀತಿಸುವ ನಾನು ಆ ವಿಷಯದಲ್ಲಿ ಸನ್ಯಾಸಿಗಳ ಪಕ್ಷ. ಆದರೂ ಬಂಡೆ ಹತ್ತುವ ದೃಶ್ಯಕ್ಕೆ ಸಾಟಿಯಿಲ್ಲ. ಬಾಂಡ್ ಹಗ್ಗದಲ್ಲಿ ನೇತಾಡುತ್ತಿದ್ದಾನೆ, ಮೇಲಿನವನೊಬ್ಬ ಗೂಟಗಳನ್ನು ಒಂದೊಂದಾಗಿ ಹೊಡೆದು ಕೀಳುತ್ತಿದ್ದಾನೆ. ಅಲ್ಲಿ ಮೂರ್ ಬದಲಿಗೆ ನಿಜವಾಗಿ ಬಿದ್ದವರು ಸಾಹಸ ಕಲಾವಿದ ರಿಕ್ ಸಿಲ್ವೆಸ್ಟರ್. 1977ರ ‘ದ ಸ್ಪೈ ಹೂ ಲವ್ಡ್ ಮಿ’ಯಲ್ಲಿ ಹಿಮಬೆಟ್ಟದ ಅಂಚಿನಿಂದ ಜಾರಿ ಪ್ಯಾರಾಶೂಟ್ ಬಿಚ್ಚಿದವರೂ ಅವರೇ. ಕಡೆಗೆ ಯಂತ್ರ ಕೈಗೆ ಬಂದಾಗ ಬಾಂಡ್ ಅದನ್ನು ಬೆಟ್ಟದಿಂದ ಕೆಳಗೆ ಎಸೆಯುತ್ತಾನೆ. ನಿನಗೂ ಇಲ್ಲ, ನನಗೂ ಇಲ್ಲ. ಎದುರಿಗಿದ್ದ ರಷ್ಯಾದ ಜನರಲ್ ನಕ್ಕು ವಾಪಸ್ ಹೋಗುತ್ತಾನೆ. ಇಷ್ಟು ವಿವೇಕದ ಮುಕ್ತಾಯ ಬಾಂಡ್ ಸಿನಿಮಾಗಳಲ್ಲಿ ಇನ್ನೊಂದಿಲ್ಲ. ಶುರುವಿನ ಹೆಲಿಕಾಪ್ಟರ್ ತಮಾಷೆಯನ್ನೂ ಕೊನೆಯ ಗಿಳಿಯನ್ನೂ ಕತ್ತರಿಸಿ ಹಾಕಿದ್ದರೆ ಚಿನ್ನ.

ಆ ಹೆಲಿಕಾಪ್ಟರ್ ಬರುವ ಮೊದಲು ಬಾಂಡ್ ಒಂದು ಸಮಾಧಿಗೆ ಹೂವಿಡುತ್ತಾನೆ. ಅದು ಅವನ ಹೆಂಡತಿ ಟ್ರೇಸಿಯದ್ದು. ಅವಳ ಕಥೆಯೇ ನನ್ನ ಎರಡನೇ ಸ್ಥಾನದ ಸಿನಿಮಾ, 1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’. ಆಸ್ಟ್ರೇಲಿಯಾದ ಮಾಡೆಲ್ ಜಾರ್ಜ್ ಲೇಜನ್‌ಬಿ ಒಂದೇ ಒಂದು ಸಲ ಬಾಂಡ್ ಆದದ್ದು ಇದರಲ್ಲಿ. ನಟನೆಯಲ್ಲಿ ಅವರು ಶಾನ್ ಕಾನರಿ ಅಲ್ಲ, ಒಪ್ಪುತ್ತೇನೆ. ಆದರೆ ಸ್ಕೇಟಿಂಗ್ ಅಂಗಳದ ದೃಶ್ಯವನ್ನು ಇನ್ನೊಮ್ಮೆ ನೋಡಿ. ಕೊಲ್ಲಲು ಬಂದವರು ಸುತ್ತ ಹುಡುಕುತ್ತಿದ್ದಾರೆ, ಹಬ್ಬದ ಗದ್ದಲದ ನಡುವೆ ಬಾಂಡ್ ಕಾಲರ್ ಎತ್ತಿಕೊಂಡು, ತಲೆ ತಗ್ಗಿಸಿ, ನಿಜವಾಗಿ ಹೆದರಿ ಕೂತಿದ್ದಾನೆ. ಅವನ ಮುಂದೆ ಒಂದು ಜೊತೆ ಸ್ಕೇಟುಗಳು ಬಂದು ನಿಲ್ಲುತ್ತವೆ. ಕಣ್ಣೆತ್ತಿದರೆ ಟ್ರೇಸಿ. ಮುಂದೆ ಕಾರು ಓಡಿಸಿ ಅವನನ್ನು ಉಳಿಸುವವಳೂ ಅವಳೇ. ಡಯಾನಾ ರಿಗ್ ಎಷ್ಟು ಚೆಂದ ಮಾಡಿದ್ದಾರೆ! ಖಳನ ಕೋಟೆಯಾಗಿ ಕಾಣುವುದು ಸ್ವಿಟ್ಜರ್‌ಲೆಂಡಿನ ಶಿಲ್ಟ್‌ಹಾರ್ನ್ ಶಿಖರದ ತಿರುಗುವ ಹೋಟೆಲು. ಅದರ ಕಟ್ಟಡ ಅರ್ಧಕ್ಕೆ ನಿಂತಿದ್ದಾಗ ಸಿನಿಮಾದವರು ಹಣ ಹಾಕಿ ಒಳಾಂಗಣ, ಹೆಲಿಪ್ಯಾಡ್ ಮಾಡಿಸಿಕೊಟ್ಟರು. ಸಿನಿಮಾದಲ್ಲಿ ಇಟ್ಟ ಪಿಟ್ಸ್ ಗ್ಲೋರಿಯಾ ಎಂಬ ಹೆಸರೇ ಇವತ್ತಿಗೂ ಅದಕ್ಕಿದೆ. ಶೂಟಿಂಗಿಗೆ ಬಂದವರು ಊರಿಗೆ ಏನಾದರೂ ಬಿಟ್ಟುಹೋದದ್ದು ಅಪರೂಪ, ಅದಕ್ಕೇ ಹೇಳಿದೆ.

ಮೂರನೆಯದು 1963ರ ‘ಫ್ರಮ್ ರಷ್ಯಾ ವಿತ್ ಲವ್’. ಇಸ್ತಾಂಬುಲ್ ಇಲ್ಲದೆ ಈ ಕಥೆಯೇ ಇಲ್ಲ. ನೆಲದಡಿಯ ಹಳೆಯ ಜಲಾಶಯದಲ್ಲಿ ದೋಣಿ ನಡೆಸಿಕೊಂಡು ಹೋಗಿ ರಷ್ಯನ್ನರ ಕಚೇರಿಯನ್ನು ಕೆಳಗಿನಿಂದ ಇಣುಕುತ್ತಾರೆ. ರೈಲಿನ ಇಕ್ಕಟ್ಟಿನ ಡಬ್ಬಿಯಲ್ಲಿ ಕಾನರಿ ಮತ್ತು ರಾಬರ್ಟ್ ಶಾ ಹೊಡೆದಾಡುವಾಗ ಹಿನ್ನೆಲೆ ಸಂಗೀತವನ್ನೇ ತೆಗೆದಿದ್ದಾರೆ. ರೈಲಿನ ಸದ್ದು, ಏದುಸಿರು, ಗಾಜು ಒಡೆಯುವುದು, ಅಷ್ಟೇ ಕೇಳುತ್ತದೆ. ಕೆರಿಮ್ ಬೇ ಪಾತ್ರ ಮಾಡಿದ ಮೆಕ್ಸಿಕೋದ ಪೆಡ್ರೊ ಅರ್ಮೆಂಡಾರಿಸ್ ಆಗ ಕ್ಯಾನ್ಸರಿನಿಂದ ನರಳುತ್ತಿದ್ದರು. ಸಿನಿಮಾ ತೆರೆಗೆ ಬರುವ ಮೊದಲೇ ತೀರಿಕೊಂಡರು. ಪರದೆಯ ಮೇಲೆ ಅವರಷ್ಟು ಜೀವ ತುಂಬಿದ ಮನುಷ್ಯ ಇನ್ನೊಬ್ಬರಿಲ್ಲ.

ನಾಲ್ಕನೆಯದು 2006ರ ‘ಕ್ಯಾಸಿನೋ ರಾಯಲ್’. ನನ್ನ ಅಳತೆಗೆ ಇದು ನಿಲ್ಲುವುದಿಲ್ಲ. ಮಾಂಟೆನೆಗ್ರೊ ಎಂದು ತೋರಿಸಿದ ಊರು ಜೆಕ್ ದೇಶದ್ದು. ಆದರೂ ಡೇನಿಯಲ್ ಕ್ರೇಗ್ ಮತ್ತು ಇವಾ ಗ್ರೀನ್ ಶವರಿನ ಕೆಳಗೆ ಬಟ್ಟೆ ಸಮೇತ ಕೂತ ಆ ದೃಶ್ಯಕ್ಕಾಗಿ ಅಳತೆಯನ್ನೇ ಬದಿಗಿಟ್ಟೆ. ಕೊಲೆಯನ್ನು ಕಣ್ಣಾರೆ ಕಂಡವಳಿಗೆ ಏನಾಗುತ್ತದೆ ಎಂದು ಈ ಸರಣಿ ಕೇಳಿದ್ದು ಅಲ್ಲಿ.

ಐದಕ್ಕೆ 1965ರ ‘ಥಂಡರ್‌ಬಾಲ್’. ನೀರೊಳಗಿನ ಹೊಡೆದಾಟ ಬೋರು ಎಂದು ದೂರುವವರು ನೇತ್ರಾಣಿ ದ್ವೀಪದ ಹತ್ತಿರ ಒಮ್ಮೆ ನೀರಿಗಿಳಿದು ಬರಲಿ. ನೀರಿನಲ್ಲಿ ಯಾರಿಗೂ ಅವಸರ ಮಾಡಲು ಆಗುವುದಿಲ್ಲ, ಕೊಲ್ಲುವವನಿಗೂ. ಆದರೆ ಶುರುವಿನಲ್ಲಿ ಬಾಂಡ್ ಆರೋಗ್ಯಧಾಮದ ಫಿಸಿಯೋಥೆರಪಿಸ್ಟ್ ಒಬ್ಬಳನ್ನು ಕೆಲಸದ ಹೆದರಿಕೆಗೆ ಸಿಕ್ಕಿಸಿ ಒಪ್ಪಿಸುವುದನ್ನು ನನಗೆ ನುಂಗಲಾಗುವುದಿಲ್ಲ, ಅದಕ್ಕೇ ಐದರಲ್ಲಿ ನಿಂತಿತು. ‘ಗೋಲ್ಡ್‌ಫಿಂಗರ್’ ಪಟ್ಟಿಯಲ್ಲೇ ಇಲ್ಲದಿರುವುದಕ್ಕೂ ಅದೇ ಕಾರಣ. ಕುದುರೆ ಲಾಯದ ದೃಶ್ಯದಲ್ಲಿ ಆ ಹೆಣ್ಣು ಬೇಡ ಬೇಡ ಎಂದು ತಳ್ಳುತ್ತಿದ್ದಾಳೆ, ಸಿನಿಮಾ ಅದನ್ನು ಸರಸ ಎಂದುಕೊಂಡಿದೆ. ಆ ಕಾಲವೇ ಹಾಗಿತ್ತು ಎಂಬ ಸಮಾಧಾನ ನನಗೆ ಬೇಡ. ‘ಗೋಲ್ಡ್‌ಫಿಂಗರ್’ ಬಂದ ಐದೇ ವರ್ಷದಲ್ಲಿ ಟ್ರೇಸಿಯನ್ನು ತೆರೆಗೆ ತಂದದ್ದೂ ಇದೇ ಸರಣಿಯವರು.

‘ಗೋಲ್ಡನ್ ಐ’ (1995) ಶುರುವಿನಲ್ಲಿ ಸ್ವಿಟ್ಜರ್‌ಲೆಂಡಿನ 220 ಮೀಟರ್ ಎತ್ತರದ ಅಣೆಕಟ್ಟಿನಿಂದ ಹಾರುತ್ತಾರೆ. ನಮ್ಮ ಸೂಪಾ ಅಣೆಕಟ್ಟು 101 ಮೀಟರ್. ಅದರ ಎರಡರಷ್ಟು! ಆ ಒಂದು ಹಾರಿಕೆಗೆ ಆರನೇ ಸ್ಥಾನ. ‘ಸ್ಕೈಫಾಲ್’ ಏಳು, ರೋಜರ್ ಡೀಕಿನ್ಸ್ ಅವರ ಕ್ಯಾಮೆರಾಕ್ಕೆ.

ತಳದ ಸಾಲಿನಲ್ಲಿ ‘ಆಕ್ಟೋಪಸಿ’, 1983. ಉದಯಪುರದಲ್ಲಿ ತೆಗೆದದ್ದು, ಕಬೀರ್ ಬೇಡಿ, ವಿಜಯ್ ಅಮೃತರಾಜ್ ಇದ್ದಾರೆ ಎಂದು ನಮ್ಮವರು ಹೆಮ್ಮೆಪಡುತ್ತಾರೆ. ಬೆಂಕಿ ನುಂಗುವವನು, ಮುಳ್ಳಿನ ಹಾಸಿಗೆ, ಕತ್ತಿ, ಆಟೋರಿಕ್ಷಾ, ಎಲ್ಲ ಇದೆ, ಉದಯಪುರ ಇಲ್ಲ. ಜೂಜಿನಲ್ಲಿ ಗೆದ್ದ ನೋಟಿನ ಕಂತೆಯನ್ನು ಭಾರತದ ಸಹೋದ್ಯೋಗಿಯ ಕೈಗಿಟ್ಟು, ಕೆಲವು ವಾರ ಕರಿಗೆ ಚಿಂತೆಯಿಲ್ಲ ಎಂಬರ್ಥದ ಮಾತಾಡುತ್ತಾನೆ ಬಾಂಡ್. ಅದನ್ನು ಕೇಳಿ ನಗು ಬರಲಿಲ್ಲ, ಸಿಟ್ಟು ಬಂತು. ಬಾಂಬ್ ನಿಷ್ಕ್ರಿಯಗೊಳಿಸಲು ವಿದೂಷಕನ ವೇಷದಲ್ಲಿ ಅವನು ಬೆವರುವ ಜರ್ಮನಿಯ ಸರ್ಕಸ್ ಭಾಗ ಮಾತ್ರ ಬಹಳ ಚೆನ್ನಾಗಿದೆ.

ಅದಕ್ಕೂ 15 ವರ್ಷ ಮೊದಲೇ, 1968ರಲ್ಲಿ, ದೊರೈ-ಭಗವಾನ್ ನಮ್ಮ ರಾಜಣ್ಣನನ್ನು ಸಿ.ಐ.ಡಿ. 999 ಮಾಡಿ ಗೋವಾಕ್ಕೆ ಕಳಿಸಿದ್ದರು. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಗಿ ಆಗಿನ್ನೂ ಏಳು ವರ್ಷ. ಮಾಜಾಳಿ ದಾಟಿದರೆ ಗೋವಾ ಅನ್ನುವ ನಮಗೆ ಆ ಊರು ವಿದೇಶವೂ ಅಲ್ಲ, ಪೂರ್ತಿ ಮನೆಯೂ ಅಲ್ಲ. ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ತನಕದ ಆ ನಾಲ್ಕು ಸಿನಿಮಾಗಳಿಗೆ ಬೇರೆಯೇ ಪಟ್ಟಿ ಬೇಕು, ಅದನ್ನೂ ಬರೆಯುತ್ತೇನೆ.

ಈಗ ಬಾಂಡ್ ಅಮೆಜಾನ್ ಕೈಗೆ ಹೋಗಿದೆ, ಮುಂದಿನದ್ದನ್ನು ಡೆನಿ ವಿಲ್‌ನವ್ ನಿರ್ದೇಶಿಸುತ್ತಾರೆ ಎಂದು 2025ರಲ್ಲಿ ಘೋಷಣೆಯಾಯಿತು. ‘ಡ್ಯೂನ್’ ಸಿನಿಮಾಗಳಲ್ಲಿ ಮರಳುಗಾಡನ್ನು ಅಷ್ಟು ಚೆನ್ನಾಗಿ ತೋರಿಸಿದವರು ಕಡಲನ್ನೂ ತೋರಿಸಲಿ. ಬಾಂಡ್ ಮೂಲತಃ ನೌಕಾಪಡೆಯ ಕಮಾಂಡರ್ ಅಲ್ಲವೇ? ನಿಮ್ಮ ಐದು ಯಾವುವು, ಬರೆಯಿರಿ. ‘ಗೋಲ್ಡ್‌ಫಿಂಗರ್’ ಬರೆಯುವವರು ಲಾಯದ ದೃಶ್ಯವನ್ನು ಇನ್ನೊಮ್ಮೆ ನೋಡಿ ಬರೆಯಿರಿ.