ಬನ್ನಿ, ಕೂತ್ಕೊಳ್ಳಿ

ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಸೃಜನಶೀಲ ಬರವಣಿಗೆಯ ಎಂಎಗೆ ಸೇರಿದೆ ಎಂದಾಗ ತಿಪಟೂರಿನ ನಮ್ಮ ಸೋದರಮಾವ ಕೇಳಿದ್ದು ಒಂದೇ ಮಾತು: "ಕತೆ ಬರಿಯಾಕೂ ಫೀಸು ಕಟ್ಬೇಕೇನೋ?" ಕಟ್ಟಿದೆ. ಒಂದು ವರ್ಷದ ಕೋರ್ಸು. ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಎಂದರೆ, ಬಾಯಿ ಮುಚ್ಚಿಕೊಂಡು ಕೂರುವ ಅಭ್ಯಾಸ ಎನ್ನುತ್ತೇನೆ.

ಕತೆಯನ್ನು ವಾರ ಮೊದಲೇ ಎಲ್ಲರಿಗೂ ಕಳಿಸಬೇಕು. ಆ ದಿನ ಹತ್ತು ಹನ್ನೆರಡು ಜನ ಮೇಜಿನ ಸುತ್ತ ಕೂತು ಮುಕ್ಕಾಲು ಗಂಟೆ ಅದನ್ನು ಬಿಚ್ಚಿ ಹರಡುತ್ತಾರೆ. ಬರೆದವನು ಮಾತಾಡುವಂತಿಲ್ಲ. "ಅಲ್ಲ, ನಾನು ಹೇಳಹೊರಟಿದ್ದು..." ಎಂದರೆ ಮೇಡಂ ಕೈ ಎತ್ತಿ ತಡೆಯುತ್ತಾರೆ. ನಮ್ಮಲ್ಲಿ ಇದಿಲ್ಲ. ನಮ್ಮಲ್ಲಿ ಪುಸ್ತಕ ಬಿಡುಗಡೆ ಇದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಇದೆ. ಪುಸ್ತಕ ತೆರೆಯದೆಯೇ ಇಪ್ಪತ್ತು ನಿಮಿಷ ಮಾತಾಡಬಲ್ಲ ಅತಿಥಿಗಳಿದ್ದಾರೆ. ನಿಜವಾದ ಅಭಿಪ್ರಾಯ ಬರುವುದು ಆಮೇಲೆ, ಕಾಫಿ ಲೋಟ ಹಿಡಿದಾಗ, ಅದೂ ಲೇಖಕ ಆಚೆ ಸರಿದ ಮೇಲೆ. ಕಮ್ಮಟಗಳೇನೋ ಇವೆ. ನಾನೂ ಎರಡಕ್ಕೆ ಹೋಗಿದ್ದೆ. ಉಪನ್ಯಾಸ ಕೇಳಿದೆ, ಗ್ರೂಪ್ ಫೋಟೋದಲ್ಲಿ ನಿಂತೆ, ನನ್ನ ಕತೆ ಚೀಲದಿಂದ ಹೊರಗೆ ಬರಲೇ ಇಲ್ಲ. ಕಮ್ಮಟ ಎಂದರೆ ನಾಣ್ಯ ಟಂಕಿಸುವ ಜಾಗ. ಒಂದಾದರೂ ಪೆಟ್ಟು ಬೀಳಬೇಡವೇ?

ಆದರೆ ಪೆಟ್ಟು ಹಾಕುವವರಿಗೆ ಲೋಹ ಗೊತ್ತಿರಬೇಕು. ನನ್ನ ಕತೆಯಲ್ಲಿ ಒಬ್ಬ ಅತ್ತೆ. ಮೂವತ್ತು ವರ್ಷ ಸೊಸೆಯನ್ನು 'ನೀನು', ಸಿಟ್ಟು ಬಂದರೆ 'ಏನೇ' ಎಂದೇ ಮಾತಾಡಿಸಿದವಳು. ಅವಳಿಗೆ ಮರೆವು ಶುರುವಾಗಿರುವುದು ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ಒಂದು ಬೆಳಗ್ಗೆ ಹಿತ್ತಲಿಂದ ಒಳಗೆ ಬಂದ ಸೊಸೆಗೆ, "ಬನ್ನಿ, ಕೂತ್ಕೊಳ್ಳಿ. ಕಾಫಿ ಕುಡೀತೀರಾ?" ಅನ್ನುತ್ತಾಳೆ. ಇಡೀ ಕತೆ ಇರುವುದು ಅಷ್ಟರಲ್ಲೇ. ಮರ್ಯಾದೆ ಕೊಟ್ಟು ಹೊರಗಿನವಳನ್ನಾಗಿ ಮಾಡಿದ್ದು. ಇಂಗ್ಲಿಷಿನಲ್ಲಿ ಮೊದಲೂ 'ಯು', ಆಮೇಲೂ 'ಯು'. ಒಬ್ಬ ಸಹಪಾಠಿ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಬರೆದಿದ್ದ: 'ಮುದುಕಿ ಕೊನೆಗೂ ಒಳ್ಳೆಯವಳಾದಳು!' ನಿಯಮದಂತೆ ಸುಮ್ಮನಿದ್ದೆ. ಮುಂದಿನ ಸಲ 'ಮೇಡಂ' ಎಂದು ಸೇರಿಸಿದೆ. ಎಲ್ಲರೂ ನಕ್ಕರು.

ಇಂಗ್ಲೆಂಡಿನಲ್ಲಿ ಈ ಓದಿಗೆ ದಾರಿ ಮಾಡಿದವರು ಮಾಲ್ಕಂ ಬ್ರ್ಯಾಡ್‌ಬರಿ ಮತ್ತು ಆಂಗಸ್ ವಿಲ್ಸನ್. 1970ರಲ್ಲಿ, ನಾರಿಚ್‌ನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ. ಅದಕ್ಕೂ ಮುಂಚೆ ಇದೇ ಬ್ರ್ಯಾಡ್‌ಬರಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಮ್ಮ ಅನಂತಮೂರ್ತಿಯವರಿಗೆ ಮೇಷ್ಟ್ರು. ಅವರ ಜೊತೆ ಬರ್ಗ್‌ಮನ್ ಸಿನಿಮಾ ನೋಡಿ ಬಂದದ್ದೇ 'ಸಂಸ್ಕಾರ'ಕ್ಕೆ ಪ್ರೇರಣೆ ಎಂದು ಅನಂತಮೂರ್ತಿಯವರೇ ಹೇಳಿಕೊಂಡಿದ್ದಾರೆ. ಪಿಎಚ್‌ಡಿ ಇಂಗ್ಲಿಷಿನಲ್ಲಿ, 1965ರಲ್ಲಿ ಅಚ್ಚಾದ ಕಾದಂಬರಿ ಮಾತ್ರ ಕನ್ನಡದಲ್ಲಿ. ನನಗೆ ಹೊಟ್ಟೆಕಿಚ್ಚಾಗುವುದು ಇಲ್ಲೇ. ಮೇಷ್ಟ್ರು ಓದಲಾಗದ, ತಿದ್ದಲಾಗದ ಭಾಷೆಯಲ್ಲಿ ಅಷ್ಟು ದೂರ ಕೂತು ಬರೆದರಲ್ಲ! ನಾನೋ, ಅಂಕಕ್ಕಾಗಿ ಅತ್ತೆಯ ಬಾಯಲ್ಲಿ 'ಮೇಡಂ' ಅನ್ನಿಸಿದೆ.

ಕೋರ್ಸು ಮುಗಿದ ಮೇಲೆ ಕತೆಯನ್ನು ಕನ್ನಡದಲ್ಲಿ ಹೊಸದಾಗಿ ಬರೆದೆ. ಒಂದು ಭಾನುವಾರ ವಾಟ್ಸಾಪಿನಲ್ಲಿ ಅಕ್ಕನಿಗೆ ಓದಿ ಹೇಳಿದೆ. ಆ ಕಡೆ ಕುಕ್ಕರ್ ಕೂಗುತ್ತಿತ್ತು. 'ಬನ್ನಿ, ಕೂತ್ಕೊಳ್ಳಿ' ಬಂದಾಗ ಅವಳು ಸ್ಟವ್ ಆರಿಸಿದ ಸದ್ದು ಕೇಳಿಸಿತು. ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ.

"ಕಾಫಿ ಎಲ್ಲಿಂದ ಬಂತೋ?" ಎಂದಳು. "ಹೊರಗಿನವರು ಅಂದ್ಕೊಂಡ್ರೆ ಮೊದಲು ಬೆಲ್ಲ-ನೀರು ಅಲ್ವಾ ಕೊಡೋದು? ಕಾಫಿ ಆಮೇಲೆ."

ಅಲ್ಲ ಅಕ್ಕ, ನಾನು ಹೇಳಹೊರಟಿದ್ದು... ನಾಲಿಗೆ ತುದಿಯವರೆಗೂ ಬಂದದ್ದನ್ನು ನುಂಗಿಕೊಂಡು, ಪೆನ್ನು ಹುಡುಕಿದೆ.